ಬೆಳಗಿನ ಮೊದಲ ಬ್ರೇಕು

ಜನವರಿ 12

ಅಪ್ಪನಿಗೆ,

ನಮಸ್ಕಾರ. ಸಾಷ್ಟಾಂಗವಲ್ಲ, ನಿಂತುಕೊಂಡೇ ಮಾಡಿದ್ದು.

ಮೂವತ್ತು ವರ್ಷ ಎಂಜಿನ್ನುಗಳ ಪಕ್ಕ ನಿಂತು ಕಿವಿ ಕಳೆದುಕೊಂಡವರಿಗೆ ಫೋನ್ ಮಾಡಿ ಪ್ರಯೋಜನವಿಲ್ಲ. ನಿಮ್ಮನ್ನು ಮನೆಯಲ್ಲಿಟ್ಟುಕೊಂಡ ನಿಮ್ಮ ತಂಗಿ, ನಮ್ಮ ಅತ್ತೆ, ಮಧ್ಯೆ ನಿಂತು ಕೂಗಿ ಹೇಳಿದರೆ ನಾನು ಅಂದದ್ದು ಒಂದು, ನಿಮಗೆ ಮುಟ್ಟುವುದು ಇನ್ನೊಂದು. ಅದಕ್ಕೇ ಈ ಕಾಗದ. ವಿಷಯ ಚಿಕ್ಕದು. ಹಿತ್ತಲ ಶೆಡ್ಡನ್ನು ಜೂನ್ ಮುಗಿಯುವುದರೊಳಗೆ ಖಾಲಿ ಮಾಡಿಕೊಡಿ ಎಂದು ಮನೆ ಮಾಲೀಕರು ಹೇಳಿದ್ದಾರೆ. ಶೆಡ್ಡಿನಲ್ಲಿರುವುದು ನಿಮ್ಮ ಕೆಂಪು ಕಾರು. ಹನ್ನೊಂದು ವರ್ಷದಿಂದ ಹೊದಿಕೆ ಹೊದ್ದು ಮಲಗಿದೆ. ಗುಜರಿಯವನು ಬಂದು ಒಂದು ಸುತ್ತು ಹಾಕಿ, "ಎಳ್ಕೊಂಡ್ ಹೋಗ್ತೀನಿ ಬಿಡಿ ಅಕ್ಕಾ" ಎಂದ. ಬೇಡ ಎಂದೆ. ಅದು ಓಡುವ ಕಾರು, ಓಡಿಕೊಂಡೇ ಹೊರಗೆ ಹೋಗುತ್ತದೆ.

ನೀವು ಮನೆ ಬಿಟ್ಟು ಹೋಗುವಾಗ ಕೀ ತೆಗೆದುಕೊಂಡು ಹೋಗಿದ್ದಿರಿ. ಅದು ನಿಮ್ಮ ಹತ್ತಿರವೇ ಇರಲಿ, ಬೀಗದವನ ಕೈಲಿ ಹೊಸದು ಮಾಡಿಸಿಕೊಂಡಿದ್ದೇನೆ. ಸೀಟಿನ ಕೆಳಗೆ ಇಲಿಯೊಂದು ಸಂಸಾರ ಹೂಡಿತ್ತು, ಕಳಿಸಿಕೊಟ್ಟದ್ದಾಯಿತು. ಬ್ಯಾಟರಿ, ಆಯಿಲ್, ಪೆಟ್ರೋಲಿನ ಪೈಪು ಎಲ್ಲ ಹೊಸದು. ಹೋದ ಭಾನುವಾರ ನಾಲ್ಕನೇ ಸಲಕ್ಕೆ ಎಂಜಿನ್ ಹತ್ತಿಕೊಂಡಿತು. ಆರು ಸಿಲಿಂಡರಿನ ಸದ್ದಿಗೆ ಇಡೀ ಗಲ್ಲಿ ಹೊರಗೆ ಬಂತು. ಅಮ್ಮ ಒಬ್ಬಳು ಬರಲಿಲ್ಲ. ಅಡುಗೆಮನೆಯಲ್ಲಿ ನಲ್ಲಿಯನ್ನು ಪೂರ್ತಿ ತಿರುಗಿಸಿಕೊಂಡು, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು.

ಇನ್ನು ಉಳಿದಿರುವುದು ಬ್ರೇಕು. ಬ್ರೇಕಿನ ಆಯಿಲ್ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದೆ, ಚಕ್ರದ ಡಿಸ್ಕಿನ ಮೇಲೆ ತುಕ್ಕು. ಅದನ್ನು ಅಮುಕಿ ಹಿಡಿಯುವ ಪ್ಯಾಡೂ ಹೊಸದು ಹಾಕಬೇಕು. ನಿಮ್ಮ ಕಾರಿಗೆ ಮೂರು ಅಳತೆಯ ಪ್ಯಾಡು ಬರುತ್ತವೆಂದು ಅಂಗಡಿಯ ಪುಸ್ತಕ ಹೇಳುತ್ತದೆ. ನಿಮ್ಮದು ಯಾವುದು, ನಂಬರು ಬರೆದು ಕಳಿಸಿ. ಯಾವ ಜಾತಿಯ ಪ್ಯಾಡು ಹಾಕಬೇಕೆಂಬುದನ್ನು ನಾನೇ ನೋಡಿಕೊಳ್ಳುತ್ತೇನೆ. ಏಳು ವರ್ಷದಿಂದ ಶಾಲೆಯ ಬಸ್ಸು ಓಡಿಸುತ್ತಿದ್ದೇನೆ. ನಲವತ್ತೆರಡು ಮಕ್ಕಳು, ಇದುವರೆಗೆ ಒಂದು ಮಗುವಿನ ಮೂಗೂ ಮುಂದಿನ ಸೀಟಿಗೆ ತಾಗಿಲ್ಲ.

ಅತ್ತೆಗೆ ಕೇಳಿದೆ ಎಂದು ಹೇಳಿ.

ಇಂತಿ,
ಬಸ್ಸು ಓಡಿಸುವ ಮಗಳು


ಜನವರಿ 27

ಮಗಳೇ,

ಆಶೀರ್ವಾದ. ನಿಂತುಕೊಂಡವರಿಗೂ ಅದು ಸಲ್ಲುತ್ತದೆ.

ಆ ಕಾರನ್ನು ಮುಟ್ಟು ಎಂದು ನಿನಗೆ ಯಾರು ಹೇಳಿದರು? ಕೇಳಿ ಮಾಡುವ ಅಭ್ಯಾಸ ನಿನಗೆ ಹುಟ್ಟಿನಿಂದಲೇ ಇಲ್ಲ. ಇರಲಿ, ಎಂಜಿನ್ ಹತ್ತಿತಲ್ಲ. ನಾಲ್ಕನೇ ಸಲಕ್ಕೆ ಹತ್ತಿತು ಎಂದು ಓದಿದಾಗ ಇಲ್ಲಿ ರೇಸ್ ಟ್ರ್ಯಾಕಿನ ಶೆಡ್ಡಿನಲ್ಲಿ ನಾಲ್ಕು ಜನಕ್ಕೆ ಹೇಳಿದೆ. ಚಕ್ರ ತೊಳೆಯುವವನಿಗೂ ಹೇಳಿದೆ.

ಈಗ ಪ್ಯಾಡಿನ ವಿಷಯ. ಪ್ಯಾಡು ಎಂದರೆ ಅಂಗಡಿ ಮುಂದೆ ನೇತುಹಾಕಿದ ಚಪ್ಪಲಿಯಲ್ಲ, ಕಾಲಿಗೆ ಕೂತರೆ ಸಾಕು ಎನ್ನಲು. ಮೆತ್ತನೆಯ ಪ್ಯಾಡು ಇದೆ, ಸಂತೆಗೆ ಹೋಗಿ ಬರುವವರಿಗೆ. ಪೆಡಲಿನ ಮೇಲೆ ಕಾಲಿಟ್ಟರೆ ಸಾಕು, ಹಿಡಿಯುತ್ತದೆ. ಅದನ್ನು ಹಾಕಿಕೊಂಡು ಇಂಥ ಕಾರನ್ನು ಬೆಟ್ಟದಿಂದ ಇಳಿಸು ನೋಡೋಣ. ಮೂರನೇ ತಿರುವಿಗೆ ಹೊಗೆ, ನಾಲ್ಕನೇ ತಿರುವಿಗೆ ನೀನು ಪೆಡಲನ್ನು ಎಷ್ಟು ತುಳಿದರೂ ಕಾರು ತನ್ನ ಪಾಡಿಗೆ ಹೋಗುತ್ತಿರುತ್ತದೆ. ಇನ್ನೊಂದು ರೇಸಿನ ಗಟ್ಟಿ ಪ್ಯಾಡು. ಡಿಸ್ಕು ಕೆಂಪಗೆ ಕಾದರೂ ಅದು ಬಿಡುವುದಿಲ್ಲ. ಆ ಕಾರಿಗೆ ಇರುವುದು ಅದೊಂದೇ ಪ್ಯಾಡು. ನಡುವೆ ಇನ್ನೇನೇನೋ ಹೆಸರಿಟ್ಟು ಮಾರುತ್ತಾರೆ, ಅವೆಲ್ಲ ಎರಡು ದೋಣಿಯಲ್ಲಿ ಕಾಲಿಡುವವರಿಗೆ.

ಬಸ್ಸು ಓಡಿಸುತ್ತೀಯ, ಒಳ್ಳೆಯದು. ಬಸ್ಸು ಬೇರೆ, ಇದು ಬೇರೆ. ನಂಬರು ಕೊಡುವುದಿಲ್ಲ. ಮೇ ತಿಂಗಳಲ್ಲಿ ನಾನೇ ಯಾರನ್ನಾದರೂ ಕಳಿಸಿ ಕಾರನ್ನು ಇಲ್ಲಿಗೆ ಎಳೆಸಿಕೊಳ್ಳುತ್ತೇನೆ. ಅಲ್ಲಿಯವರೆಗೆ ಎಂಜಿನ್ ಬೇಕಾದರೆ ವಾರಕ್ಕೊಮ್ಮೆ ಓಡಿಸು. ಚಕ್ರಕ್ಕೆ ಮಾತ್ರ ಕೈ ಹಚ್ಚಬೇಡ.

ನಿನ್ನ ಅಮ್ಮ ಹೇಗಿದ್ದಾಳೆ ಎಂದು ನೀನು ಬರೆಯಲಿಲ್ಲ. ನಾನೂ ಕೇಳುತ್ತಿಲ್ಲ.

ನಿನ್ನ,
ಅಪ್ಪ


ಫೆಬ್ರವರಿ 9

ಅಪ್ಪನಿಗೆ,

ಚಕ್ರಕ್ಕೆ ಕೈ ಹಚ್ಚಬೇಡ ಎಂದಿರಿ. ನಿಮ್ಮ ಕಾಗದ ಬಂದ ದಿನ ಸಂಜೆಯೇ ಜಾಕ್ ಕೊಟ್ಟು ನಾಲ್ಕೂ ಚಕ್ರ ಬಿಚ್ಚಿದೆ. ಕೇಳಿ ಮಾಡುವ ಅಭ್ಯಾಸ ನನಗಿಲ್ಲ ಎಂದು ನೀವೇ ಬರೆದಿದ್ದೀರಲ್ಲ.

ಮುಂದಿನ ಎರಡೂ ಚಕ್ರದ ಪ್ಯಾಡುಗಳನ್ನು ಪೇಪರಿನಲ್ಲಿ ಸುತ್ತಿಕೊಂಡು ಬಿಡಿಭಾಗದ ಅಂಗಡಿಗೆ ಹೋದೆ. ಅಲ್ಲಿ ಕೌಂಟರಿನ ಹಿಂದೆ ಕೂರುವ ಅಜ್ಜನಿಗೆ ಎಲ್ಲರೂ ಸ್ಪೇರ್ ತಾತ ಎನ್ನುತ್ತಾರೆ. ಅವರು ಕನ್ನಡಕ ಹಣೆಗೆ ಏರಿಸಿ, ಪ್ಯಾಡಿನ ಬೆನ್ನಿನ ತಗಡನ್ನು ಉಗುರಿನಿಂದ ಕೆರೆದು, ಅಲ್ಲಿ ಅಚ್ಚೊತ್ತಿದ್ದ ಎರಡು ಅಕ್ಷರ ಓದಿದರು. ಆಮೇಲೆ ಕೇಳಿದರು, "ಇದನ್ನ ಊರೊಳಗೆ ಓಡಿಸ್ತಿದ್ರಾ ತಾಯಿ?"

"ಯಾಕೆ ತಾತ?"

"ಇದು ರೇಸಿಂದು. ಕಾದ್ಮೇಲೆ ರಾಕ್ಷಸ. ತಣ್ಣಗಿದ್ದಾಗ ಮರದ ತುಂಡು ಒತ್ತಿದ ಹಾಗೆ. ಬೆಳಿಗ್ಗೆ ಎದ್ದು ಮೊದಲ್ನೇ ಸಲ ಒತ್ತಿದ್ರೆ ಹಿಡಿಯೋದೇ ಇಲ್ಲ ಅನ್ನಿ."

ಅಂಗಡಿಯಿಂದ ಮನೆಗೆ ನಡೆದು ಬಂದೆ. ಬಸ್ಸು ಹತ್ತಬೇಕೆಂದು ನೆನಪಾಗಲಿಲ್ಲ.

ನನಗಾಗ ಹದಿನಾರು. ಗೇಟಿನ ಹತ್ತಿರ ಹಲ್ಲುಜ್ಜುತ್ತಾ ನಿಂತಿದ್ದೆ. ಅಮ್ಮನ ಡ್ರೈವಿಂಗ್ ಸ್ಕೂಲಿನ ಕಾರು ರಿಪೇರಿಗೆ ಹೋಗಿತ್ತು. ಅವಳ ಶಿಷ್ಯೆಯೊಬ್ಬಳಿಗೆ ಅವತ್ತು ಲೈಸೆನ್ಸಿನ ಪರೀಕ್ಷೆ, ಹೊತ್ತಾಗುತ್ತಿತ್ತು. ನೀವು ಗಡ್ಡ ಹೆರೆದುಕೊಳ್ಳುತ್ತಾ ಕನ್ನಡಿಯಿಂದ ಮುಖ ತಿರುಗಿಸದೆ, "ಕೆಂಪುದು ತಗೊಂಡ್ ಹೋಗು" ಎಂದಿರಿ. ಅಮ್ಮ ಹೊರಟಳು. ನಮ್ಮ ಗಲ್ಲಿಯ ಇಳಿಜಾರು, ಇಳಿಜಾರಿನ ಕೊನೆಗೆ ವಾಚು ರಿಪೇರಿ ಮಾಮನ ಪೆಟ್ಟಿಗೆ ಅಂಗಡಿ. ಕಾರು ನಿಲ್ಲಲಿಲ್ಲ. ಅಂಗಡಿ ಮಗುಚಿತು, ಮಾಮನ ಬಲಗೈ ಹೆಬ್ಬೆರಳು ಅದರಡಿಗೆ ಸಿಕ್ಕಿತು.

ಅಮ್ಮ "ನಾನು ಒತ್ತಿದೆ, ನಾನು ಒತ್ತಿದೆ" ಎನ್ನುತ್ತಲೇ ಇದ್ದಳು. ನೀವು ಸೋಪು ಮೆತ್ತಿದ ಮುಖದಲ್ಲೇ ಓಡಿ ಬಂದಿರಿ. ಸೇರಿದ ಜನಕ್ಕೆ, ಆಮೇಲೆ ಪೊಲೀಸಿನವರಿಗೆ ನೀವು ಹೇಳಿದ ಮಾತು ಇದು: "ಗಾಬರೀಲಿ ಬ್ರೇಕ್ ಬದಲು ಕ್ಲಚ್ ಒತ್ತಿರ್ತಾಳೆ, ಪಾಪ."

ಆ ಒಂದು "ಪಾಪ" ಊರೆಲ್ಲ ಸುತ್ತಿತು. ಡ್ರೈವಿಂಗ್ ಟೀಚರೇ ಕ್ಲಚ್ ಒತ್ತಿದರಂತೆ ಎಂದು ಬಾಯಿಂದ ಬಾಯಿಗೆ. ತಿಂಗಳೊಳಗೆ ಶಿಷ್ಯರು ಒಬ್ಬೊಬ್ಬರಾಗಿ ಕಳಚಿಕೊಂಡರು, ಅಮ್ಮ ತಾನೇ ಏಣಿ ಹತ್ತಿ ಸ್ಕೂಲಿನ ಬೋರ್ಡು ಇಳಿಸಿದಳು. ಎಂಟು ತಿಂಗಳಿಗೆ ನೀವೂ ಮನೆ ಬಿಟ್ಟಿರಿ. ಈಗ ಅವಳು ಜೆರಾಕ್ಸ್ ಅಂಗಡಿಯಲ್ಲಿ ನಿಂತು ಬೇರೆಯವರ ಕಾಗದಗಳ ಪ್ರತಿ ತೆಗೆಯುತ್ತಾಳೆ. ನನ್ನ ಬಸ್ಸು ಹತ್ತಿದರೂ ಕೊನೆಯ ಸೀಟು. ಊಟಕ್ಕೆ ಕೂತಾಗ ಮೇಜಿನ ಕೆಳಗೆ ಅವಳ ಬಲಗಾಲು ತಾನಾಗಿ ನೆಲ ಒತ್ತುತ್ತಿರುತ್ತದೆ. ಅವಳಿಗೆ ಅದು ಗೊತ್ತಿಲ್ಲ, ನಾನು ಹೇಳಿಲ್ಲ.

ಒಂದೇ ಪ್ರಶ್ನೆ ಅಪ್ಪ. ಅವತ್ತು ಬೆಳಿಗ್ಗೆ ಆ ಕಾರಿನಲ್ಲಿದ್ದದ್ದು ಇದೇ ಪ್ಯಾಡಾ?

ಇಂತಿ,
ಉತ್ತರಕ್ಕೆ ಕಾಯುವ ಮಗಳು


ಮಾರ್ಚ್ 3

ಮಗಳೇ,

ಇಲ್ಲಿ ಎಲ್ಲ ಕ್ಷೇಮ. ಅತ್ತೆಗೆ ಮಂಡಿನೋವು, ಮೆಟ್ಟಿಲು ಹತ್ತುವುದು ಬಿಟ್ಟಿದ್ದಾಳೆ. ಟ್ರ್ಯಾಕಿಗೆ ಹೊಸ ಡಾಂಬರು ಹಾಕುತ್ತಿದ್ದಾರೆ, ವಾಸನೆಗೆ ಊಟ ಸೇರುವುದಿಲ್ಲ. ನನ್ನ ಎಡಕಿವಿ ಈಗ ಪೂರ್ತಿ ಹೋಗಿದೆ. ಡಾಕ್ಟರರು ಯಂತ್ರ ಹಾಕಿಕೊಳ್ಳಿ ಎನ್ನುತ್ತಾರೆ, ಕೇಳಲೇಬೇಕಾದಂಥದ್ದು ಏನಿದೆ ಎಂದು ನಾನೇ ಬೇಡ ಅಂದೆ.

ಹಳೆಯದನ್ನು ಕೆದಕಿ ಯಾರಿಗೂ ಉಪಯೋಗವಿಲ್ಲ. ಪ್ಯಾಡಿನ ನಂಬರನ್ನು ಈ ಕಾಗದದ ಹಿಂದೆ ಬರೆದಿದ್ದೇನೆ. ನಿನಗೆ ಸರಿ ಕಂಡದ್ದು ಹಾಕಿಕೋ.

ಅಪ್ಪ


ಮಾರ್ಚ್ 18

ಅಪ್ಪನಿಗೆ,

ನಂಬರು ಸಿಕ್ಕಿತು. ಕೇಳಿದ್ದಕ್ಕೆ ಉತ್ತರ ಸಿಗಲಿಲ್ಲ. ಬೇಡ ಬಿಡಿ, ಕಾರನ್ನೇ ಕೇಳಿದೆ.

ಡಿಸ್ಕಿನ ತುಕ್ಕು ಉಜ್ಜಿ ತೆಗೆದೆ. ಬ್ರೇಕಿನ ಪೈಪು ಬದಲಾಯಿಸಿ ಹೊಸ ಆಯಿಲ್ ತುಂಬಿದೆ. ಆಮೇಲೆ ನಿಮ್ಮ ಹಳೆಯ ಪ್ಯಾಡುಗಳನ್ನೇ ವಾಪಸ್ ಕೂರಿಸಿದೆ. ಹೋದ ಭಾನುವಾರ ಬೆಳಿಗ್ಗೆ ಕಾರನ್ನು ಲಾರಿಗೆ ಹೇರಿಸಿ ನಮ್ಮ ಬಸ್ ಡಿಪೋದ ಅಂಗಳಕ್ಕೆ ತಂದೆ. ಬಸ್ಸುಗಳೆಲ್ಲ ಗೋಡೆಗೆ ಒರಗಿ ನಿಂತಿದ್ದವು, ಅಂಗಳ ಖಾಲಿ. ಡಿಪೋದ ಮೆಕ್ಯಾನಿಕ್ ದಪ್ಪಣ್ಣ ಸೀಮೆಸುಣ್ಣದಲ್ಲಿ ಅಡ್ಡಗೆರೆ ಎಳೆದು ಪಕ್ಕದಲ್ಲಿ ನಿಂತ. ಗಂಟೆಗೆ ನಲವತ್ತು ಕಿಲೋಮೀಟರ್ ವೇಗ, ಗೆರೆ ಮುಟ್ಟಿದ ಕೂಡಲೇ ಬ್ರೇಕು.

ಮೊದಲನೇ ಸಲ, ತಣ್ಣಗಿದ್ದಾಗ, ಸೀಟಿನಿಂದ ಮೇಲೆದ್ದು ತುಳಿದೆ. ಪೆಡಲು ಗಟ್ಟಿಯಾಗಿ ನಿಂತಿದೆ, ಕಾರು ನಿಲ್ಲುವುದಿಲ್ಲ. ಒಂದೂವರೆ ಬಸ್ಸಿನ ಉದ್ದ ಹೋಗಿ ನಿಂತಿತು. ದಪ್ಪಣ್ಣ ಓಡಿ ಬಂದು, "ಏನಕ್ಕಾ, ಕ್ಲಚ್ ಒತ್ತಿದ್ಯಾ?" ಎಂದ. ಅಪ್ಪ, ಅವನೂ ಅದನ್ನೇ ಕೇಳಿದ. ಹೊರಗೆ ನಿಂತು ನೋಡುವವರಿಗೆ ಹಾಗೇ ಕಾಣುತ್ತದೆ. ನಾನು ಸ್ಟೀರಿಂಗ್ ಮೇಲೆ ತಲೆಯಿಟ್ಟು ಅತ್ತೆ.

ಆಮೇಲೆ ಅಂಗಳದಲ್ಲಿ ಹತ್ತು ಸುತ್ತು ಓಡಿಸಿ, ಹಿಡಿದು ಬಿಟ್ಟು ಮಾಡಿ ಪ್ಯಾಡನ್ನು ಕಾಯಿಸಿದೆ. ಅದೇ ಗೆರೆ, ಅದೇ ವೇಗ, ಅದೇ ಕಾಲು. ಮುಕ್ಕಾಲು ಬಸ್ಸಿಗೇ ನಿಂತಿತು.

ಪ್ಯಾಡು ಹಳೆಯದಾಗಿತ್ತು, ತೇವ ಹಿಡಿದಿತ್ತು ಎಂದು ನೀವು ಹೇಳಬಹುದು. ಹೇಳಿ, ನಾನು ಕೇಳುವುದಿಲ್ಲ. ಅಮ್ಮ ಒತ್ತಿದ್ದಳು. ಒತ್ತಿದೆ ಎಂದು ಅವತ್ತೇ ಹೇಳಿದಳು. ಸಾವಿರ ಜನಕ್ಕೆ ಬ್ರೇಕ್ ಒತ್ತುವುದನ್ನು ಕಲಿಸಿದ ಕಾಲು ಅದು. ಅದರ ಮೇಲೆ ನೀವು ಗೂಬೆ ಕೂರಿಸಿದಿರಿ, ಆಮೇಲೆ "ಪಾಪ" ಎಂದಿರಿ.

ನಾನು ಅಮ್ಮನಿಗೆ ಇನ್ನೂ ಏನೂ ಹೇಳಿಲ್ಲ. ಹೇಳಬೇಕಾದವರು ನೀವು. ಶಾಲೆಗೆ ಬೇಸಿಗೆ ರಜೆ ಮುಗಿಯುವವರೆಗೆ ಕಾಯುತ್ತೇನೆ. ಅಷ್ಟರಲ್ಲಿ ನಿಮ್ಮ ಕೈಬರಹದ ಕಾಗದ ಅವಳ ಹೆಸರಿಗೆ ಬಾರದಿದ್ದರೆ, ಈ ನಾಲ್ಕು ಪ್ಯಾಡುಗಳನ್ನು ಊಟದ ಮೇಜಿನ ಮೇಲೆ, ಅವಳ ತಟ್ಟೆಯ ಪಕ್ಕ ಇಡುತ್ತೇನೆ. ಕಾರಿಗೆ ಮೆತ್ತನೆಯ ಪ್ಯಾಡನ್ನೇ ಹಾಕುವವಳಿದ್ದೇನೆ. ಸಂತೆಗೆ ಹೋಗುವವರದ್ದು. ಬೆಳಗಿನ ಮೊದಲ ಬ್ರೇಕಿಗೆ ಹಿಡಿಯದ ಪ್ಯಾಡು ನನ್ನ ಪಾಲಿಗೆ ಪ್ಯಾಡೇ ಅಲ್ಲ.

ಅಮ್ಮನ ಮಗಳು


ಏಪ್ರಿಲ್ 30

ಮಗಳೇ,

ನಿನ್ನ ಕಾಗದಕ್ಕೆ ಎರಡು ಉತ್ತರ ಬರೆದು ಎರಡನ್ನೂ ಹರಿದೆ. ಮೊದಲನೆಯದರಲ್ಲಿ ಸೀಮೆಸುಣ್ಣದ ಗೆರೆಯಿಂದ ನನಗೆ ಪಾಠ ಹೇಳುತ್ತೀಯಾ ಎಂದು ಕೂಗಾಡಿದ್ದೆ. ಎರಡನೆಯದರಲ್ಲಿ ಪ್ಯಾಡಿಗೆ ತೇವ ಹಿಡಿದಿರಬಹುದು ಎಂದು ಬರೆದಿದ್ದೆ. ನೀನು ಅದನ್ನು ಮೊದಲೇ ಹೇಳಿಬಿಟ್ಟಿದ್ದೀಯ. ಇದು ಮೂರನೆಯದು.

ಹೌದು, ಅದೇ ಪ್ಯಾಡು.

ಹಿಂದಿನ ಭಾನುವಾರ ಬೆಟ್ಟದ ರೇಸು ಇತ್ತು, ಮುಂದಿನ ಭಾನುವಾರ ಇನ್ನೊಂದಿತ್ತು. ನಡುವೆ ಊರೊಳಗಿನ ಪ್ಯಾಡು ಹಾಕಬೇಕಿತ್ತು. ಒಂದು ಗಂಟೆ ಕೆಲಸ. ಹೇಗೂ ನಾನೊಬ್ಬನೇ ಓಡಿಸುವವನು ಎಂದು ಬಿಟ್ಟೆ. ನಿನಗೆ ನೆನಪಿದೆಯೋ ಇಲ್ಲವೋ, ಬೆಳಿಗ್ಗೆ ಗೇಟು ದಾಟಿದ ಕೂಡಲೇ ನಾನು ಇಳಿಜಾರಿಗೆ ಹೋಗದೆ ಮೇಲಿನ ರಸ್ತೆಗೆ ತಿರುಗುತ್ತಿದ್ದೆ. ಬಲಗಾಲು ಆಕ್ಸಿಲರೇಟರಿನ ಮೇಲೆ, ಎಡಗಾಲು ಬ್ರೇಕಿನ ಮೇಲೆ. ಕಾರು ಜಗ್ಗಾಡುತ್ತಾ ಒಂದು ಸುತ್ತು ಬರುತ್ತಿತ್ತು. ಅಪ್ಪ ಕಾರನ್ನು ಕುಣಿಸುತ್ತಾನೆ ಎಂದು ನೀನು ಚಪ್ಪಾಳೆ ತಟ್ಟುತ್ತಿದ್ದೆ. ಅದು ಕುಣಿಸುವುದಲ್ಲ, ಪ್ಯಾಡು ಕಾಯಿಸುವುದು. ರೇಸಿನವರೆಲ್ಲರ ಚಾಳಿ. ಮುಖ ತೊಳೆದ ಹಾಗೆ ಅದೂ ಒಂದು, ಮಾಡುತ್ತಿದ್ದೇನೆ ಎಂದೂ ಅನ್ನಿಸುತ್ತಿರಲಿಲ್ಲ. ಅವಳಿಗೆ ಕೀ ಕೊಡುವಾಗ ಹೇಳಬೇಕೆಂದು ಹೊಳೆಯಲೇ ಇಲ್ಲ. ಇಷ್ಟು ತಪ್ಪು. ಇದನ್ನು ಅಂದೇ ಹೇಳಿದ್ದರೆ ಬರೀ ತಪ್ಪಾಗಿ ಉಳಿಯುತ್ತಿತ್ತು.

ಅವತ್ತು ಓಡಿ ಬಂದು ಬಗ್ಗಿ ಮುಂದಿನ ಡಿಸ್ಕನ್ನು ಮುಟ್ಟಿದೆ. ತಣ್ಣಗಿತ್ತು. ಆ ಕ್ಷಣಕ್ಕೇ ಎಲ್ಲ ಗೊತ್ತಾಯಿತು. ತಲೆ ಎತ್ತಿದರೆ ನಿನ್ನ ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು, ಬ್ರೇಕಿನ ವಿಷಯ ಬಲ್ಲವನು ಏನು ಹೇಳುತ್ತಾನೋ ಎಂದು. ನಾನು ಕ್ಲಚ್ ಎಂದೆ. ರೇಸಿನ ಪ್ಯಾಡು ಹಾಕಿ ಊರೊಳಗೆ ಬಿಟ್ಟು ಒಬ್ಬರ ಬೆರಳು ಮುರಿಯಿತು ಎಂದಾದರೆ ನನ್ನ ರೇಸಿನ ಲೈಸೆನ್ಸು ಹೋಗುತ್ತಿತ್ತು. ಅವಳದ್ದು ಒಂದು ಸ್ಕೂಲು ತಾನೆ, ಇವತ್ತಲ್ಲ ನಾಳೆ ಜನ ಮರೆಯುತ್ತಾರೆ ಅಂದುಕೊಂಡೆ. ನನ್ನದು ಹೆಸರು ಅಂದುಕೊಂಡೆ. ಆ ವರ್ಷ ಬೇರೆಯವರ ಕಾರು ಓಡಿಸಿ ಎರಡು ಕಪ್ಪು ಗೆದ್ದೆ. ಅತ್ತೆಯ ಮನೆಯ ಅಟ್ಟದ ಮೇಲಿವೆ, ಇದುವರೆಗೆ ಯಾರಿಗೂ ತೋರಿಸಿಲ್ಲ.

ಅವಳು ನನ್ನ ಮಾತನ್ನು ನಂಬಿಬಿಟ್ಟಳು. ಜಗಳವಾಡಿದ್ದರೆ ಬಹುಶಃ ಒಪ್ಪಿಕೊಳ್ಳುತ್ತಿದ್ದೆ. ಅವಳು ನಂಬಿ, ರಾತ್ರಿ ಊಟ ಬಡಿಸುವಾಗ "ನಿಮ್ಮ ಕಾರು ಹಾಳು ಮಾಡಿದೆ" ಎಂದು ನನ್ನನ್ನೇ ಕ್ಷಮೆ ಕೇಳಿದಳು. ಅದಾದ ಮೇಲೆ ಆ ಮನೆಯಲ್ಲಿ ನನಗೆ ತುತ್ತು ಇಳಿಯಲಿಲ್ಲ. ಹೊರಟು ಬಂದದ್ದು ಅದಕ್ಕೇ, ಬೇರೆ ಯಾವ ಕಾರಣವೂ ಇರಲಿಲ್ಲ.

ಪ್ಯಾಡನ್ನು ಅವತ್ತು ಸಂಜೆಯೇ ಬಿಚ್ಚಿ ಎಸೆಯಬಹುದಿತ್ತು. ಜಾಕ್ ಕೊಟ್ಟೆ, ಚಕ್ರ ಬಿಚ್ಚಿದೆ, ಕೈ ಬರಲಿಲ್ಲ. ಇರಲಿ, ಎಂದಾದರೂ ಯಾರಾದರೂ ನೋಡಲಿ ಎಂದು ಹಾಗೇ ಬಿಟ್ಟೆ.

ಈಗ ನಿನಗೆ ಎಲ್ಲ ಹೇಳಿದ್ದೇನೆ. ನಿನ್ನ ಅಮ್ಮನಿಗೆ ನೀನೇ ನಿಧಾನವಾಗಿ ತಿಳಿಸು. ನಿನ್ನ ಬಾಯಿಂದಾದರೆ ಅವಳಿಗೆ ನೋವು ಕಡಿಮೆ.

ಅಪ್ಪ


ಮೇ 6

ಅಪ್ಪನಿಗೆ,

ಎರಡು ಸಲ ಓದಿದೆ. ನಿಮ್ಮ ಮೇಲೆ ಕನಿಕರವೂ ಬಂತು, ಸುಳ್ಳು ಹೇಳುವುದಿಲ್ಲ. ಆದರೂ ಇದನ್ನು ಕೇಳಿ.

ಯಾರಾದರೂ ನೋಡಲಿ ಎಂದು ಬಿಟ್ಟಿರಂತೆ. ಕಾರಿಗೆ ಹೊದಿಕೆ ಹೊದಿಸಿದವರು ನೀವು, ಶೆಡ್ಡಿಗೆ ಬೀಗ ಹಾಕಿದವರು ನೀವು, ಕೀ ಜೇಬಿಗಿಳಿಸಿ ಹೋದವರು ನೀವು. ಚಕ್ರಕ್ಕೆ ಕೈ ಹಚ್ಚಬೇಡ ಎಂದು ಬರೆದವರೂ ನೀವೇ. ಅಪ್ಪ, ಯಾರೂ ನೋಡದಿರಲಿ ಎಂದೇ ಬಿಟ್ಟಿರಿ. ಒಪ್ಪಿಕೊಳ್ಳುವಾಗಲಾದರೂ ಅರ್ಧಂಬರ್ಧ ಬೇಡ.

ಇನ್ನು, ಅಮ್ಮನಿಗೆ ನಾನು ನಿಧಾನವಾಗಿ ತಿಳಿಸುವುದಂತೆ. ತಿಳಿಸುವುದಿಲ್ಲ. ಕ್ಲಚ್ ಎಂಬ ಮಾತನ್ನು ಗಲ್ಲಿಯ ನಡುವೆ ನಿಂತು ನೀವು ಹೇಳಿದಿರಿ, ಅದನ್ನು ವಾಪಸ್ ತೆಗೆದುಕೊಳ್ಳಲು ನನ್ನನ್ನು ಕಳಿಸಬೇಡಿ. ನನಗೆ ಬರೆದದ್ದನ್ನೇ ಅವಳಿಗೆ ಬರೆಯಿರಿ. ನೋವು ಕಡಿಮೆ ಮಾಡುವ ಉಸಾಬರಿ ಬೇಡ, ಹನ್ನೊಂದು ವರ್ಷ ಅದನ್ನು ಅವಳೇ ನೋಡಿಕೊಂಡಿದ್ದಾಳೆ.

ವಾಚಿನ ಮಾಮನಿಗೂ ಬೇರೆ ಕಾಗದ ಬರೆಯಿರಿ. ಅವರ ಹೆಬ್ಬೆರಳು ಸೊಟ್ಟಗೆ ಕೂಡಿಕೊಂಡಿದೆ. ಸಣ್ಣ ಸ್ಕ್ರೂ ಹಿಡಿಯಲು ಆಗುವುದಿಲ್ಲ. ಶನಿವಾರ ಮಧ್ಯಾಹ್ನ ಅಮ್ಮ ಹೋಗಿ ಪಕ್ಕದಲ್ಲಿ ಕೂತು, ಅವರು ತೋರಿಸಿದ ಕಡೆ ಚಿಮಟದಿಂದ ಒಂದೊಂದೇ ಸ್ಕ್ರೂ ಕೂರಿಸಿ ಕೊಡುತ್ತಾಳೆ. ತಾನು ಮಾಡಿದ್ದಕ್ಕೆ ಪ್ರಾಯಶ್ಚಿತ್ತ ಅಂದುಕೊಂಡಿದ್ದಾಳೆ. ಆ ಕುರ್ಚಿ ನಿಮ್ಮದು.

ಗಡುವು ನೆನಪಿದೆ ತಾನೆ. ಶಾಲೆ ತೆರೆಯಲು ಇನ್ನು ಮೂರು ವಾರ.

ಮಗಳು


ಜೂನ್ 14

ಏನೆಂದು ಕರೆಯಬೇಕೋ ತಿಳಿಯದೆ ಮೇಲಿನ ಸಾಲನ್ನು ಖಾಲಿ ಬಿಟ್ಟಿದ್ದೇನೆ.

ನಿಮ್ಮ ಕಾಗದ ಜೆರಾಕ್ಸ್ ಅಂಗಡಿಯ ವಿಳಾಸಕ್ಕೆ ಬಂತು. ಯಂತ್ರದ ಪಕ್ಕ ನಿಂತೇ ಓದಿದೆ. ಒಬ್ಬರು ಎರಡು ಪ್ರತಿ ಕೇಳಿದ್ದರು, ನಾನು ಇಪ್ಪತ್ತು ತೆಗೆದೆ. ಆಮೇಲೆ ಅಂಗಡಿಗೆ ಬಾಗಿಲು ಹಾಕಿ ವಾಚಿನವರ ಹತ್ತಿರ ಹೋದೆ. ಅವರಿಗೂ ಅದೇ ದಿನ ಬಂದಿತ್ತು. ಓದಿ ಮಡಿಸಿ ಡ್ರಾಯರಿಗೆ ಹಾಕಿದ್ದರು. ನಿಮ್ಮ ಬಗ್ಗೆ ಒಂದು ಮಾತೂ ಆಡಲಿಲ್ಲ. ನನಗೆ ಹೇಳಿದರು, "ನಾನು ಅವತ್ತೇ ಅಂದಿದ್ದೆ ಕಣಮ್ಮ. ಕಾರಿನ ಗಾಜಿನೊಳಗೆ ನಿನ್ನ ಮುಖ ನೋಡಿದ್ದೆ. ಅದು ಒತ್ತಿ ಹಿಡಿದಿರೋರ ಮುಖ. ಯಾರು ಕೇಳಿದ್ರು?"

ನಾನೂ ಕೇಳಿರಲಿಲ್ಲ. ಎಲ್ಲಕ್ಕಿಂತ ಹೆಚ್ಚು ಉರಿದದ್ದು ಅದು. ನನ್ನ ಕಾಲಿನ ಕೆಳಗೆ ಪೆಡಲು ಗಟ್ಟಿಯಾಗಿ ನಿಂತದ್ದು ನನಗೆ ಗೊತ್ತಿತ್ತು. ಕ್ಲಚ್ಚಾದರೆ ನೆಲದವರೆಗೆ ಹೋಗುತ್ತದೆ, ಕಲಿಯಲು ಬಂದ ಮೊದಲ ದಿನದವರಿಗೂ ಆ ವ್ಯತ್ಯಾಸ ಹೇಳಿಕೊಡುತ್ತಿದ್ದೆ. ಆದರೂ ನನ್ನ ಕಾಲನ್ನು ಬಿಟ್ಟು ನಿಮ್ಮ ಮಾತನ್ನು ನಂಬಿದೆ. ನೀವು ಬೆಟ್ಟ ಗೆದ್ದವರು, ನಾನು ಶಿಷ್ಯರ ಕೈಲಿ ಮೈದಾನದಲ್ಲಿ ಕಾರಿನಿಂದ ಎಂಟು ಬರೆಯಿಸುವವಳು. ಸುಳ್ಳು ನಿಮ್ಮದು. ನಂಬಿದ್ದು ನನ್ನ ತಪ್ಪು, ಅದನ್ನು ನನಗೇ ಬಿಡಿ.

ಮಗಳು ಮೆತ್ತನೆಯ ಪ್ಯಾಡು ತಂದಿಟ್ಟಿದ್ದಳು. ನಿಮಗೆ ಗಟ್ಟಿಯದೇ ಆಗಬೇಕು ಎಂದೂ ಹೇಳಿದಳು. ಇಬ್ಬರೂ ಜನವರಿಯಿಂದ ಜಗಳವಾಡುತ್ತಿದ್ದೀರಂತೆ, ಓಡಿಸಲು ಕಲಿಸಿದವಳನ್ನು ಒಬ್ಬರೂ ಕೇಳಲಿಲ್ಲ. ನಾನೇ ಬಿಡಿಭಾಗದ ಅಂಗಡಿಗೆ ಹೋದೆ. ಕೌಂಟರಿನಲ್ಲಿದ್ದ ತಾತನಿಗೆ ಎರಡೇ ಪ್ರಶ್ನೆ ಹಾಕಿದೆ. "ಬೆಳಿಗ್ಗೆ ತಣ್ಣಗಿದ್ದಾಗ ಹಿಡಿಯುತ್ತಾ? ಇಳಿಜಾರಲ್ಲಿ ಕಾದಾಗ ಬಿಡುತ್ತಾ?" ಎರಡಕ್ಕೂ ಸರಿಯಾದ ಉತ್ತರ ಕೊಡುವ ಪ್ಯಾಡು ಒಂದಿತ್ತು. ನೀವು ಎರಡು ದೋಣಿಯಲ್ಲಿ ಕಾಲಿಡುವವರದ್ದು ಎಂದು ಗೇಲಿ ಮಾಡಿದ್ದು. ಸ್ವಲ್ಪ ಕೀರಲು ಸದ್ದು ಮಾಡುತ್ತದೆ, ಚಕ್ರಕ್ಕೆಲ್ಲ ಕರಿ ಪುಡಿ ಮೆತ್ತುತ್ತದೆ. ನನಗೆ ಎರಡೂ ಅಡ್ಡಿಯಿಲ್ಲ. ಹೆಬ್ಬೆರಳಿನಷ್ಟು ದಪ್ಪದ ಒಂದು ತುಂಡಿಗೆ ಇಷ್ಟು ವರ್ಷ ಹೋಯಿತಲ್ಲ ಎಂದು ಅಂಗಡಿಯಲ್ಲೇ ನಗು ಬಂತು. ತಾತ ನೀರು ತರಿಸಿ ಕೊಟ್ಟರು.

ಮಗಳು ಕೂರಿಸಿದಳು. ಹೊಸ ಪ್ಯಾಡನ್ನು ಡಿಸ್ಕಿಗೆ ಒಗ್ಗಿಸಬೇಕಲ್ಲ, ಅದನ್ನು ನಾನು ಮಾಡುತ್ತೇನೆ ಎಂದೆ. ಅವಳು ಪಕ್ಕದ ಸೀಟಿಗೆ ಸರಿದಳು. ಊರಾಚೆಯ ಹೊಸ ರಸ್ತೆ. ಕೂತ ಮೇಲೆ ಹತ್ತು ನಿಮಿಷ ಕೀ ತಿರುಗಿಸಲು ಆಗಲಿಲ್ಲ. ಕಾಲು ಗಡಗಡ ನಡುಗುತ್ತಿತ್ತು. ಆಮೇಲೆ ಅದರ ಮೇಲೇ ಕೋಪ ಬಂತು. ನೀನು ಏನು ತಪ್ಪು ಮಾಡಿದ್ದೀ ಅಂತ ನಡುಗ್ತೀಯಾ ಎಂದು ಗಟ್ಟಿಯಾಗಿ ಬೈದೆ, ಮಗಳಿಗೂ ಕೇಳಿಸಿತು. ಅರವತ್ತರಿಂದ ಹತ್ತಕ್ಕೆ, ಮತ್ತೆ ಅರವತ್ತರಿಂದ ಹತ್ತಕ್ಕೆ, ಪೂರ್ತಿ ನಿಲ್ಲಿಸದೆ ಹತ್ತು ಸಲ. ಆಮೇಲೆ ಬ್ರೇಕು ಮುಟ್ಟದೆ ಎರಡು ಮೈಲಿ ಓಡಿಸಿ ತಣಿಸಿದೆ. ಕಾದ ಪ್ಯಾಡನ್ನು ಒತ್ತಿ ಹಿಡಿದು ನಿಂತರೆ ಡಿಸ್ಕಿಗೆ ಗುರುತು ಬೀಳುತ್ತದೆ, ಆಮೇಲೆ ಸ್ಟೀರಿಂಗ್ ಅದುರುತ್ತದೆ. ಅದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮರುದಿನದಿಂದ ದಿನಾ ಬೆಳಿಗ್ಗೆ ನಾನೇ ಗೇಟಿನಿಂದ ಹೊರಡಿಸುತ್ತೇನೆ. ಮೇಲಿನ ರಸ್ತೆಗಲ್ಲ, ನೇರ ಇಳಿಜಾರಿಗೆ. ವಾಚಿನವರ ಅಂಗಡಿಗೆ ಮೊಳದಷ್ಟು ದೂರದಲ್ಲಿ ನಿಲ್ಲಿಸುತ್ತೇನೆ. ಮೊದಲ ದಿನ ಗಲ್ಲಿಯವರು ಕಿಟಕಿಯಿಂದ ನೋಡಿದರು. ಎರಡನೇ ದಿನ ಬಾಗಿಲಿಗೆ ಬಂದರು. ನೋಡಲಿ ಎಂದೇ ನಾನು ದಿನಾ ಅಲ್ಲೇ ನಿಲ್ಲಿಸುವುದು. ವಾಚಿನವರು ತಲೆ ಎತ್ತುವುದೂ ಇಲ್ಲ, ಕೆಲಸ ಮಾಡುತ್ತಿರುತ್ತಾರೆ.

ನಿಮ್ಮ ಕಾಗದದಲ್ಲಿ ಕ್ಷಮಿಸು ಎಂದು ಮೂರು ಕಡೆ ಇದೆ. ಬಂದು ಕಾಲಿಗೆ ಬೀಳುತ್ತೇನೆ ಎಂದು ಒಂದು ಕಡೆ. ಬರಬೇಡಿ. ನೀವು ಬಿದ್ದರೆ ನಾನು ಎತ್ತಬೇಕು, ಎತ್ತಿದರೆ ಕ್ಷಮಿಸಿದ ಹಾಗಾಗುತ್ತದೆ. ಕ್ಷಮಿಸುವ ವಿಚಾರ ನಾನಿನ್ನೂ ತೀರ್ಮಾನಿಸಿಲ್ಲ, ನನ್ನನ್ನು ಅವಸರ ಮಾಡಬೇಡಿ.

ನಾನೇ ಬರುತ್ತೇನೆ. ಇದೇ ಇಪ್ಪತ್ತೇಳಕ್ಕೆ ಮಗಳೂ ನಾನೂ ಹೊರಟು ನಿಮ್ಮ ಊರಿನ ಲಾಡ್ಜಿನಲ್ಲಿ ಉಳಿಯುತ್ತೇವೆ. ಇಪ್ಪತ್ತೆಂಟರ ಬೆಳಿಗ್ಗೆ ಏಳು ಗಂಟೆಗೆ ಕಾರು ತಣ್ಣಗಿರುವಾಗಲೇ ಹೊರಡಿಸುತ್ತೇನೆ. ಲಾಡ್ಜು ನಿಮ್ಮ ತಂಗಿಯ ಮನೆಯ ರಸ್ತೆಯ ಮೇಲ್ತುದಿಯಲ್ಲೇ ಇದೆಯಂತೆ, ಅಲ್ಲಿಂದ ಗೇಟಿನವರೆಗೆ ಒಂದೇ ಇಳಿಜಾರಂತೆ. ದಾರಿಯಲ್ಲಿ ಒಂದು ಸಲವೂ ಬ್ರೇಕು ಮುಟ್ಟುವುದಿಲ್ಲ. ಮೊದಲ ಬ್ರೇಕು ನಿಮ್ಮ ಗೇಟಿನ ಮುಂದೆ.

ನೀವು ಹೊರಗೆ ಬಂದು ನಿಂತಿರಿ. ಗೋಡೆ ಪಕ್ಕದಲ್ಲಲ್ಲ, ರಸ್ತೆಯ ನಡುವೆ, ನನಗೆ ಎದುರಾಗಿ. ಕಾರು ಇಳಿದು ಬರುವಾಗ ನನ್ನ ಮುಖ ನೋಡಿ. ಪಕ್ಕಕ್ಕೆ ಸರಿಯಬೇಡಿ.

ಇಂತಿ,
ಡ್ರೈವಿಂಗ್ ಟೀಚರು